ಪಟ್ಟಿ ಬೇಡ, ಕಿವಿ ನಿಂತ ಜಾಗ ಹೇಳಿ

ಪ್ರಶ್ನೆ: ಕೋಲಾರದ ಟೇಕಲ್ ರಸ್ತೆಯ ಒಂದು ಮನೆಯ ಮಹಡಿಯಲ್ಲಿ ನಾವು ಐವರು ಗೆಳೆಯರು ತಿಂಗಳಿಗೊಂದು ಶನಿವಾರ ಸಂಜೆ ಸೇರಿ ಜಾಜ್ ಕೇಳುತ್ತೇವೆ. ಒಬ್ಬರು ಮೃದಂಗ ಕಲಿತವರು, ಒಬ್ಬರು ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವರು, ಒಬ್ಬರಿಗೆ ಹಳೆಯ ಚಿತ್ರಗೀತೆಗಳ ಹುಚ್ಚು, ಇನ್ನೊಬ್ಬರದು ಓಲಗದ ಮನೆತನ. ನಾನು ಬರೀ ಕೇಳುವವನು. ಪ್ರತಿಯೊಬ್ಬರೂ ‘ಸಾರ್ವಕಾಲಿಕ ಶ್ರೇಷ್ಠ’ ಆಲ್ಬಮ್‌ಗಳ ಪಟ್ಟಿ ಹಿಡಿದು ಬರುತ್ತೇವೆ. ಮೂರನೆಯ ಆಲ್ಬಮ್ ಹೊತ್ತಿಗೆ ಮಾತು ಟೊಮೆಟೊ ಧಾರಣೆಗೆ ತಿರುಗಿರುತ್ತದೆ. ಮೃದಂಗದ ಗೆಳೆಯರಂತೂ ‘ಇದರಲ್ಲಿ ರಾಗವೂ ಇಲ್ಲ, ತಾಳವೂ ಯಾವಾಗಲೂ ನಾಲ್ಕೇ’ ಎನ್ನುತ್ತಾರೆ. ಮೆಚ್ಚಿದ ಸಂಗೀತವನ್ನು ಇನ್ನೊಬ್ಬರಿಗೆ ದಾಟಿಸುವುದು ಹೇಗೆ? ನಿಮ್ಮ ಮೆಚ್ಚಿನ ಆಲ್ಬಮ್‌ಗಳು ಯಾವುವು, ಈಚೆಗೆ ಏನು ಕೇಳುತ್ತಿದ್ದೀರಿ? ಹಳೆಯ ರೆಕಾರ್ಡ್ ಪ್ಲೇಯರ್ ಕೊಳ್ಳಬಹುದೇ? ಒಮ್ಮೆ ನೀವೇ ಬಂದರೆ ಬಹಳ ಸಂತೋಷ.

ಉತ್ತರ: ಟೊಮೆಟೊ ಧಾರಣೆಯನ್ನು ದೂರಬೇಡಿ. ಒಂದೊಂದು ಎಲ್‌ಪಿ (ದೊಡ್ಡ ರೆಕಾರ್ಡ್ ತಟ್ಟೆ) ಸುಮಾರು ನಲವತ್ತು ನಿಮಿಷ. ಮೂರು ಎಂದರೆ ಎರಡು ಗಂಟೆ. ಪರಿಚಯವಿಲ್ಲದ ಸಂಗೀತದ ಮುಂದೆ ಎರಡು ಗಂಟೆ ಕೂರಿಸಿದರೆ ತ್ಯಾಗರಾಜರ ಆರಾಧನೆಗೆ ಬಂದವರೂ ಊಟಕ್ಕೆ ಎಲೆ ಹಾಕಿದರೇ ಎಂದು ಹಿಂದೆ ತಿರುಗಿ ನೋಡುತ್ತಾರೆ. ನಿಮ್ಮ ಗೆಳೆಯರು ಎರಡು ಆಲ್ಬಮ್‌ಗಳವರೆಗೆ ತಾಳ್ಮೆಯಿಂದ ಇದ್ದರಲ್ಲ, ಅದೇ ಹೆಚ್ಚು.

ನಾನು ಸಂಗೀತ ವಿದ್ವಾಂಸನಲ್ಲ. ಚಿನ್ನದ ಗಣಿಯ ಊರಾದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ರೇಡಿಯೊ ರಿಪೇರಿ ಮತ್ತು ಮೈಕ್ ಸೆಟ್ ಬಾಡಿಗೆ ಎರಡೂ ಇದ್ದ ಅಂಗಡಿಗೆ ಹದಿನೇಳನೆಯ ವಯಸ್ಸಿನಲ್ಲಿ ಸೇರಿ, ಮುಂದೆ ಅದನ್ನೇ ವಹಿಸಿಕೊಂಡು ನಲವತ್ತು ವರ್ಷ ನಡೆಸಿದವನು. ಆದ್ದರಿಂದ ನನ್ನ ಉತ್ತರದಲ್ಲಿ ಸ್ವರದಷ್ಟೇ ತಂತಿ, ಮೈಕು, ರೆಕಾರ್ಡ್ ಮುಳ್ಳುಗಳ ಮಾತೂ ಇರುತ್ತದೆ. ಸಹಿಸಿಕೊಳ್ಳಿ.

ನಮ್ಮ ಅಂಗಡಿಯಲ್ಲಿ ರಿಪೇರಿಯಾದ ವಾಲ್ವ್ ರೇಡಿಯೊವನ್ನು ಕೂಡಲೇ ಗಿರಾಕಿಗೆ ಕೊಡುತ್ತಿರಲಿಲ್ಲ. ಮೂರು ನಾಲ್ಕು ಗಂಟೆ ಹಾಡಿಸಿ, ಚೆನ್ನಾಗಿ ಬಿಸಿಯೇರಿದ ಮೇಲೂ ಸರಿಯಾಗಿದೆಯೇ ಎಂದು ನೋಡುವುದು ಯಜಮಾನರ ಪದ್ಧತಿ. ರಾತ್ರಿ ಅದರ ಪಕ್ಕ ಕೂರುವ ಕೆಲಸ ನನ್ನದು. ಹಾಗೆ ಶಾರ್ಟ್‌ವೇವ್ ತಿರುಗಿಸುತ್ತಿದ್ದಾಗ ಸಿಕ್ಕಿದ್ದು ವಾಯ್ಸ್ ಆಫ್ ಅಮೆರಿಕದ ಜಾಜ್ ಕಾರ್ಯಕ್ರಮ. 1955ರಲ್ಲಿ ಶುರುವಾದ ಅದನ್ನು ನಡೆಸಿಕೊಡುತ್ತಿದ್ದವರು ವಿಲಿಸ್ ಕಾನೋವರ್. ದೂರದೂರದ ದೇಶಗಳವರಿಗೂ ತಿಳಿಯಲೆಂದು ಒಂದೊಂದೇ ಪದವನ್ನು ಬಿಡಿಸಿ, ನಿಧಾನವಾಗಿ ಮಾತನಾಡುತ್ತಿದ್ದರು. ನನ್ನ ಎಸ್‌ಎಸ್‌ಎಲ್‌ಸಿ ಇಂಗ್ಲಿಷಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಒಂದು ಹಾಡಿಗೆ ಮುಂಚೆ ಎರಡೇ ವಾಕ್ಯ: ಯಾರು ನುಡಿಸುತ್ತಿದ್ದಾರೆ, ಯಾವಾಗ ನುಡಿಸಿದರು. ಆಮೇಲೆ ಸುಮ್ಮನಾಗುತ್ತಿದ್ದರು. ಶ್ರೇಷ್ಠ, ಅಮೋಘ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಉಳಿದರ್ಧಕ್ಕೆ ಒಂದು ಪೆಟ್ಟಿಗೆಯ ಕಥೆ ಹೇಳಬೇಕು. ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಕುಟುಂಬಗಳು ಒಂದೊಂದಾಗಿ ಊರು ಬಿಡುತ್ತಿದ್ದ ಕಾಲ. ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಒಬ್ಬ ಹಿರಿಯರು ರಿಪೇರಿಗೆ ಬಂದಿದ್ದ ತಮ್ಮ ಪ್ಲೇಯರನ್ನೂ ಒಂದು ಮರದ ಪೆಟ್ಟಿಗೆ ರೆಕಾರ್ಡುಗಳನ್ನೂ ನನಗೇ ಬಿಟ್ಟು ಹೋದರು. ಹಡಗಿನಲ್ಲಿ ಸಾಗಿಸಲು ಭಾರ, ಮಾರಲು ಮನಸ್ಸಿಲ್ಲ ಎಂದರು. ಅದರಲ್ಲಿದ್ದ ಒಂದು ‘ಎಲಿಂಗ್ಟನ್ ಅಟ್ ನ್ಯೂಪೋರ್ಟ್’. ಡ್ಯೂಕ್ ಎಲಿಂಗ್ಟನ್ ಅವರ ತಂಡ 1956ರ ಜುಲೈ 7ರ ರಾತ್ರಿ ನ್ಯೂಪೋರ್ಟ್ ಉತ್ಸವದಲ್ಲಿ ನುಡಿಸಿದ್ದು. ಅದರ ಮುಖ್ಯ ಭಾಗ 1937ರಲ್ಲಿ ಎಲಿಂಗ್ಟನ್ ಬರೆದಿದ್ದ ಎರಡು ಬ್ಲೂಸ್ (ಆಫ್ರಿಕನ್ ಅಮೆರಿಕನ್ನರ ಹಾಡಿನ ಧಾಟಿ) ರಚನೆಗಳು. ಎರಡರ ನಡುವೆ ಸೇತುವೆಯಾಗಿ ಪಾಲ್ ಗೊನ್ಸಾಲ್ವೆಸ್ ಎಂಬ ಟೆನರ್ ಸ್ಯಾಕ್ಸೋಫೋನ್ ವಾದಕರ ಮನೋಧರ್ಮ. (ಹೆಸರು ಕೇಳಿ ಗೋವೆಯವರು ಎಂದುಕೊಂಡಿದ್ದೆ. ಅವರ ಹಿರಿಯರು ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡೆ ದ್ವೀಪಗಳವರು.) ಹನ್ನೆರಡು ಬಾರ್‌ಗಳ (ಬಾರ್ ಎಂದರೆ ಇಲ್ಲಿ ನಾಲ್ಕು ಎಣಿಕೆಯ ಒಂದು ಕಟ್ಟು) ಬ್ಲೂಸ್ ಆವರ್ತವನ್ನು ಅವರು ಆ ರಾತ್ರಿ ನಿಲ್ಲಿಸದೆ 27 ಸಲ ಸುತ್ತಿದರು. ಏಳನೆಯ ಎಂಟನೆಯ ಸುತ್ತಿನ ಹೊತ್ತಿಗೆ ಜನ ಎದ್ದು ನಿಲ್ಲುವುದು ಕೇಳಿಸುತ್ತದೆ. ಮುಂದೆ ಕೂಗು, ಚಪ್ಪಾಳೆ, ಯಾರೋ ಹುರಿದುಂಬಿಸುವ ದನಿ. ವೇದಿಕೆಯ ಅಂಚಿನಲ್ಲಿ ಡ್ರಮ್ ವಾದಕ ಜೋ ಜೋನ್ಸ್ ಸುರುಳಿ ಸುತ್ತಿದ ಪತ್ರಿಕೆಯಿಂದ ಲಯ ಬಡಿಯುತ್ತಿದ್ದರಂತೆ.

ನನ್ನ ಕಿವಿ ನಿಂತದ್ದು ಬೇರೆ ಕಡೆ. ತಂಡವೆಲ್ಲ ಹತ್ತಿರದಲ್ಲಿ ಕೇಳುತ್ತಿದೆ, ಪಿಯಾನೊ ಹತ್ತಿರದಲ್ಲಿದೆ, ಡ್ರಮ್ ಹತ್ತಿರದಲ್ಲಿದೆ. ಕಚೇರಿಯ ಕಥಾನಾಯಕ ಗೊನ್ಸಾಲ್ವೆಸ್ ಮಾತ್ರ ಹಿಂದಿನ ಬೀದಿಯಲ್ಲಿ ನಿಂತು ಊದುತ್ತಿರುವ ಹಾಗಿದೆ. ಮೈಕ್ ಸೆಟ್‌ನವನಿಗೆ ಇದಕ್ಕಿಂತ ಸಂಕಟ ಬೇಕೇ? ಮುಳ್ಳು ಬದಲಾಯಿಸಿದೆ. ತಟ್ಟೆಯನ್ನು ತೊಳೆದೆ. ಆಂಪ್ಲಿಫೈಯರ್ ಬಿಚ್ಚಿದೆ. ಏನೂ ಸರಿಹೋಗಲಿಲ್ಲ. ಕಾರಣ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, 1999ರಲ್ಲಿ ಆ ಕಚೇರಿಯ ಪೂರ್ಣ ಧ್ವನಿಮುದ್ರಣ ಹೊರಬಂದಾಗ. ವೇದಿಕೆಯ ಮೇಲೆ ಎರಡು ಮೈಕುಗಳಿದ್ದವು. ಒಂದು ರೆಕಾರ್ಡ್ ಕಂಪನಿಯದು, ಇನ್ನೊಂದು ವಾಯ್ಸ್ ಆಫ್ ಅಮೆರಿಕದ್ದು. ಗೊನ್ಸಾಲ್ವೆಸ್ ಊದಿದ್ದು ರೇಡಿಯೊದವರ ಮೈಕಿಗೆ! ಎರಡೂ ಕಡೆಯ ಟೇಪುಗಳನ್ನು ಹೊಂದಿಸಿದ ಮೇಲೆ ಆ ಸ್ಯಾಕ್ಸೋಫೋನ್ ಮುಂದಕ್ಕೆ ಬಂತು. 1956ರ ಎಲ್‌ಪಿಯಲ್ಲಿ ಹಲವು ಭಾಗಗಳನ್ನು ಸ್ಟುಡಿಯೊದಲ್ಲಿ ಮತ್ತೆ ನುಡಿಸಿ, ಚಪ್ಪಾಳೆ ಬೆರೆಸಿ ಸೇರಿಸಿದ್ದರು ಎಂಬುದೂ ಆಗ ಎಲ್ಲರಿಗೂ ತಿಳಿಯಿತು. ನಾನು ಹರೆಯದಲ್ಲಿ ರಾತ್ರಿ ಕಾದು ಕೇಳುತ್ತಿದ್ದ ರೇಡಿಯೊದ ಮೈಕೇ ನನ್ನ ಮುಳ್ಳುಗಳನ್ನು ಹಾಳುಮಾಡಿಸಿತ್ತು.

ಈಗ ನೋಡಿ, ಇಷ್ಟನ್ನು ಹೇಳಿ ಆ ಹದಿನಾಲ್ಕು ನಿಮಿಷಗಳನ್ನು ಹಾಕಿದರೆ ನಿಮ್ಮ ಐವರಲ್ಲಿ ಒಬ್ಬರೂ ಮೊಬೈಲ್ ಮುಟ್ಟುವುದಿಲ್ಲ. ‘ಇದು ಇಪ್ಪತ್ತನೆಯ ಶತಮಾನದ ಮಹಾನ್ ಆಲ್ಬಮ್’ ಎಂದು ಹೇಳಿ ಹಾಕಿದರೆ ಐವರೂ ಮುಟ್ಟುತ್ತಾರೆ. ನಿಮ್ಮ ಕಿವಿ ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದನ್ನು ಹೇಳಬೇಕು. ಆ ಜಾಗ ಗೊತ್ತಿಲ್ಲದಿದ್ದರೆ ಆ ಆಲ್ಬಮ್ಮನ್ನು ಇನ್ನೂ ಯಾರಿಗೂ ಕೇಳಿಸುವ ಹೊತ್ತಾಗಿಲ್ಲ ಎಂದು ತಿಳಿಯಿರಿ.

ಪದ್ಧತಿ ಸರಳವಾಗಿರಲಿ. ಒಂದು ಸಂಜೆಗೆ ಒಬ್ಬರೇ ತರಬೇಕು, ಒಂದೇ ತುಣುಕು ತರಬೇಕು. ಮೊದಲ ಸಲ ಯಾರೂ ಮಾತನಾಡದೆ ಕೇಳಿ. ಆಮೇಲೆ ಒಬ್ಬೊಬ್ಬರೂ ಕಿವಿ ಎಲ್ಲಿ ನಿಂತಿತೆಂದು ಒಂದೊಂದು ಮಾತು ಹೇಳಲಿ. ಎಲ್ಲಿಯೂ ನಿಲ್ಲಲಿಲ್ಲ ಎಂದರೂ ಸರಿಯೇ. ಅನಂತರ ಅದನ್ನೇ ಮತ್ತೆ ಹಾಕಿ. ಎರಡನೆಯ ಸಲವೇ ನಿಜವಾದ ಕಚೇರಿ. ಪೂರ್ತಿ ಆಲ್ಬಮ್ ಬೇಕಾದವರು ಮನೆಯಲ್ಲಿ ಕೇಳುತ್ತಾರೆ. ಉಳಿದ ಹೊತ್ತು ಟೊಮೆಟೊ ಇದ್ದೇ ಇದೆ.

ಮೃದಂಗದ ಗೆಳೆಯರ ಆಕ್ಷೇಪಕ್ಕೆ ಬರೋಣ. ಇಂಥವರು ಒಬ್ಬರಿದ್ದರೆ ಕೂಟ ಗಟ್ಟಿಯಾಗುತ್ತದೆ. ತಾಳ ಯಾವಾಗಲೂ ನಾಲ್ಕು ಎನ್ನುವವರಿಗೆ ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ 1959ರ ‘ಟೈಮ್ ಔಟ್’ ಹಾಕಿ. ಅದರಲ್ಲಿ ಪಾಲ್ ಡೆಸ್ಮಂಡ್ ರಚಿಸಿದ ‘ಟೇಕ್ ಫೈವ್’ ಐದು ಎಣಿಕೆಯದು. ನಿಮ್ಮ ಗೆಳೆಯರು ಕೂಡಲೇ ಖಂಡ ಛಾಪು ಎಂದು ತೊಡೆ ತಟ್ಟಲು ಶುರುಮಾಡುತ್ತಾರೆ, ಎರಡು ಆವರ್ತದಲ್ಲಿ ಎಡವುತ್ತಾರೆ. ನಮ್ಮದು ತಕ ತಕಿಟ, ಎರಡು ಮತ್ತು ಮೂರು. ಇದು ತಿರುವುಮುರುವು: ತಕಿಟ ತಕ. ನಡುವೆ ಜೋ ಮೊರೆಲ್ಲೊ ಅವರ ಡ್ರಮ್ ತನಿ ಬರುತ್ತದೆ. ಆಗ ಪಿಯಾನೊ ಸುಮ್ಮನಾಗುವುದಿಲ್ಲ; ಅದೇ ಐದರ ಪಟ್ಟನ್ನು ಮತ್ತೆ ಮತ್ತೆ ಹಿಡಿದು, ನಮ್ಮಲ್ಲಿ ತನಿಯ ಹೊತ್ತಿಗೆ ಹಾಡುಗಾರರು ತಾಳ ಹಾಕಿಕೊಂಡು ಕೂರುತ್ತಾರಲ್ಲ, ಅದೇ ಕೆಲಸ ಮಾಡುತ್ತದೆ. ಅದೇ ಆಲ್ಬಮ್ಮಿನ ಮೊದಲ ರಚನೆ ಒಂಬತ್ತರದು: ಎರಡು, ಎರಡು, ಎರಡು, ಮೂರು. ಬ್ರೂಬೆಕ್ ಅದನ್ನು 1958ರ ಪ್ರವಾಸದಲ್ಲಿ ಇಸ್ತಾಂಬುಲ್‌ನ ಬೀದಿ ವಾದಕರಿಂದ ಕೇಳಿದ್ದು. ಅದೇ ಪ್ರವಾಸದಲ್ಲಿ ಅವರ ತಂಡ ಭಾರತಕ್ಕೂ ಬಂದಿತ್ತು.

ಇದರಿಂದ ಮೃದಂಗದವರು ಸೋತರು ಎಂದುಕೊಳ್ಳಬೇಡಿ, ಅವರು ಹೇಳುವುದರಲ್ಲಿಯೂ ಹುರುಳಿದೆ. ಜಾಜ್‌ನ ಬಹುಪಾಲು ನಾಲ್ಕರಲ್ಲೇ ಇದೆ. ಆದರೆ ಆ ನಾಲ್ಕರ ಒಳಗೆ ಏನಾಗುತ್ತಿದೆ ಎಂಬುದೇ ಸೊಗಸು. ಚಪ್ಪಾಳೆಯ ಒತ್ತು ಒಂದರ ಮೇಲೆ ಬೀಳುವುದಿಲ್ಲ, ಎರಡು ಮತ್ತು ನಾಲ್ಕರ ಮೇಲೆ ಬೀಳುತ್ತದೆ. ಸಮಕ್ಕೆ ತಟ್ಟಿ ಬೆಳೆದ ಕೈಗೆ ಇದು ಎಡಗೈಯಲ್ಲಿ ಉಂಡಷ್ಟು ಇರುಸುಮುರುಸು. ಇನ್ನು ‘ಸ್ವಿಂಗ್’ ಎನ್ನುವುದು ಒಂದು ಎಣಿಕೆಯನ್ನು ಎರಡು ಸಮಭಾಗ ಮಾಡದೆ ಒಂದನ್ನು ಎಳೆದು ಒಂದನ್ನು ಮೊಟಕುಗೊಳಿಸುವುದು. ನಿಧಾನದಲ್ಲಿ ಅದು ತಿಶ್ರ ಗತಿಗೆ (ಎಣಿಕೆಗೆ ಮೂರು) ಹತ್ತಿರ. ಓಟ ಹೆಚ್ಚಿದಂತೆ ಚತುರಶ್ರದ (ಎಣಿಕೆಗೆ ನಾಲ್ಕು) ಕಡೆ ವಾಲುತ್ತದೆ. ಎರಡರ ನಡುವೆ ಎಲ್ಲಿ ನಿಲ್ಲುತ್ತದೆ ಎನ್ನುವುದು ಆಯಾ ವಾದಕರ ಕೈಗುಣ. ಸೊಲ್ಲು ಕಟ್ಟಿ ಹೇಳಿ ಎಂದು ನಿಮ್ಮ ಗೆಳೆಯರಿಗೆ ಒಪ್ಪಿಸಿ, ಒಂದು ಸಂಜೆ ಪೂರ್ತಿ ಅದರಲ್ಲೇ ಕಳೆಯುತ್ತದೆ.

ರಾಗದ ವಿಚಾರಕ್ಕೆ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಒಂದೇ ಸಾಕು. ಇದು ಎಲ್ಲರ ಪಟ್ಟಿಯಲ್ಲಿ ಇರುವಂಥದ್ದು. ನಿಮ್ಮಲ್ಲಿಯೂ ಮೂವರಾದರೂ ತಂದಿರುತ್ತೀರಿ. ಎರಡೇ ದಿನಗಳಲ್ಲಿ, 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ನ್ಯೂಯಾರ್ಕ್‌ನಲ್ಲಿ ಮುದ್ರಣವಾದದ್ದು. ಮೊದಲ ರಚನೆ ‘ಸೋ ವಾಟ್’. ಅದರ ಪಲ್ಲವಿಯನ್ನು ಹಾಡುವುದು ತುತ್ತೂರಿಯಲ್ಲ, ಸ್ಯಾಕ್ಸೋಫೋನೂ ಅಲ್ಲ. ಪಾಲ್ ಚೇಂಬರ್ಸ್ ಅವರ ಡಬಲ್ ಬಾಸ್. ಅದು ಒಂದು ಮಾತು ಕೇಳುತ್ತದೆ, ಉಳಿದವರೆಲ್ಲ ಸೇರಿ ಎರಡೇ ಪೆಟ್ಟಿನಲ್ಲಿ ‘ಹೌದು, ಏನೀಗ’ ಎಂದು ಜವಾಬು ಕೊಡುತ್ತಾರೆ. ಇದು ಡೋರಿಯನ್ ಎಂಬ ಸ್ವರಶ್ರೇಣಿಯಲ್ಲಿದೆ. ಸ್ವರಗಳನ್ನು ಎಣಿಸಿ ನೋಡಿ: ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ನಮ್ಮ 22ನೆಯ ಮೇಳ ಖರಹರಪ್ರಿಯದ ಸ್ವರಗಳೇ. ಹದಿನಾರು ಬಾರ್ ಅದರಲ್ಲಿದ್ದು, ಮುಂದಿನ ಎಂಟಕ್ಕೆ ಶ್ರುತಿಪೆಟ್ಟಿಗೆಯನ್ನೇ ಅರ್ಧ ಸ್ವರ ಮೇಲಕ್ಕೆ ತಿರುಗಿಸಿದ ಹಾಗೆ ಇಡೀ ಮೇಳ ಎದ್ದು ಕೂರುತ್ತದೆ, ಮತ್ತೆ ಎಂಟಕ್ಕೆ ಕೆಳಗಿಳಿಯುತ್ತದೆ. ಆ ಏಳುವ ಕ್ಷಣಕ್ಕೆ ಕೈ ಎತ್ತಿ ಎಂದು ಎಲ್ಲರಿಗೂ ಹೇಳಿ. ಮೊದಲ ಸಲ ಒಬ್ಬರು ಎತ್ತುತ್ತಾರೆ, ಎರಡನೆಯ ಸಲ ಐವರೂ ಎತ್ತುತ್ತೀರಿ.

ಹೋಲಿಕೆ ಇಲ್ಲಿಗೆ ನಿಲ್ಲಲಿ. ಖರಹರಪ್ರಿಯದ ಸ್ವರಗಳಿದ್ದ ಮಾತ್ರಕ್ಕೆ ಅದು ಖರಹರಪ್ರಿಯ ರಾಗವಾಗುವುದಿಲ್ಲ. ಸ್ವರವನ್ನು ತೂಗುವ ಗಮಕವಿಲ್ಲ, ರಾಗಕ್ಕೆ ಜೀವ ಕೊಡುವ ಜೀವಸ್ವರದ ಲೆಕ್ಕವಿಲ್ಲ. ಜಾಜ್ ವಾದಕ ಸಾಮಾನ್ಯವಾಗಿ ರಾಗದ ಒಳಗೆ ಕೂರುವವನಲ್ಲ, ಕೆಳಗೆ ಸರಿಯುತ್ತಿರುವ ಸ್ವರಮೇಳಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ, ಅಂದರೆ ಕಾರ್ಡ್) ಮೇಲೆ ಹೆಜ್ಜೆ ಇಟ್ಟು ನಡೆಯುವವನು. ನಮ್ಮಲ್ಲಿ ತಂಬೂರಿ ಅಲುಗದೆ ಇರುತ್ತದೆ, ಅಲುಗುವುದು ಹಾಡುವವರು. ಅಲ್ಲಿ ನೆಲವೇ ಅಲುಗುತ್ತದೆ. ಅದರ ಪರಾಕಾಷ್ಠೆ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಜೈಂಟ್ ಸ್ಟೆಪ್ಸ್’. ಮೂರು ಬೇರೆ ಬೇರೆ ಷಡ್ಜಗಳ ನಡುವೆ ಕಣ್ಣು ಮಿಟುಕಿಸುವಷ್ಟರಲ್ಲಿ ಜಿಗಿಯುತ್ತಾ ಹೋಗುತ್ತದೆ. ಕೋಲ್ಟ್ರೇನ್ ನೀರು ಕುಡಿದಂತೆ ನುಡಿಸುತ್ತಾರೆ. ಆಮೇಲೆ ಪಿಯಾನೊದ ಸರದಿ. ಟಾಮಿ ಫ್ಲಾನಗನ್ ದೊಡ್ಡ ವಾದಕರೇ; ಇಲ್ಲಿ ತಡವರಿಸುತ್ತಾರೆ, ಪದಗುಚ್ಛ ಮುರಿಯುತ್ತದೆ, ಕೊನೆಕೊನೆಗೆ ಬರೀ ಸ್ವರಮೇಳಗಳನ್ನು ಒತ್ತಿ ದಡ ಸೇರುತ್ತಾರೆ. ಅದನ್ನು ಹಾಗೆಯೇ ಉಳಿಸಿ ಅಚ್ಚು ಹಾಕಿದ್ದಾರೆ. ಪಕ್ಕವಾದ್ಯ ನುಡಿಸಿದವರಿಗೆ ಆ ಸರದಿಯ ಬೆವರು ಅರ್ಥವಾಗುತ್ತದೆ.

‘ಕೈಂಡ್ ಆಫ್ ಬ್ಲೂ’ ಬಗ್ಗೆ ಮೈಕಿನವನ ಎರಡು ಕಿವಿಮಾತು. ಮೊದಲನೆಯದು ಶ್ರುತಿಯದು. ಮಾರ್ಚ್ 2ರಂದು ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ಹಾಗೆ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ಹಾಕಿದಾಗ ಮೊದಲ ಮೂರು ರಚನೆಗಳ ಶ್ರುತಿ ಒಂದಿಷ್ಟು ಏರಿಬಿಟ್ಟಿತು. ಮೂವತ್ತು ವರ್ಷಕ್ಕೂ ಮೇಲೆ ಲೋಕವೆಲ್ಲ ಹಾಗೆಯೇ ಕೇಳಿತು. 1990ರ ದಶಕದಲ್ಲಿ ಸರಿಪಡಿಸಿದರು. ಹಳೆಯ ಎಲ್‌ಪಿ ಜೊತೆಗೆ ಕೀಬೋರ್ಡ್ ನುಡಿಸಲು ಹೋದವರು ತಮ್ಮ ವಾದ್ಯವನ್ನೇ ಅನುಮಾನಿಸಿರಬೇಕು, ಪಾಪ. ಎರಡನೆಯದು ಇಬ್ಬರು ಸ್ಯಾಕ್ಸೋಫೋನ್ ವಾದಕರನ್ನು ಗುರುತಿಸುವುದು. ಸ್ಟೀರಿಯೊದಲ್ಲಿ ಎಡಗಡೆಯಿಂದ ಬರುವುದು ಕೋಲ್ಟ್ರೇನ್, ಬಲಗಡೆಯಿಂದ ಕ್ಯಾನನ್‌ಬಾಲ್ ಆಡರ್ಲಿ. ಎಡಗಡೆಯವರು ಪ್ರಶ್ನೆ ಕೇಳುತ್ತಲೇ ಇರುತ್ತಾರೆ, ಬಲಗಡೆಯವರು ಊಟ ಮುಗಿಸಿ ಜಗುಲಿಗೆ ಬಂದವರ ಹಾಗೆ ನಗುನಗುತ್ತ ಮಾತನಾಡುತ್ತಾರೆ. ಒಂದೇ ಇಯರ್‌ಫೋನನ್ನು ಇಬ್ಬರು ಕಿವಿಗೊಂದರಂತೆ ಹಂಚಿಕೊಂಡು ಜಾಜ್ ಕೇಳಬಾರದು ಎನ್ನುವುದು ಇದಕ್ಕೇ.

ಓಲಗದ ಮನೆತನದ ಗೆಳೆಯರಿಗೆ ನನ್ನ ಹತ್ತಿರ ಬೇರೆಯೇ ಬುತ್ತಿ ಇದೆ. ಮೊದಲು ಕೋಲ್ಟ್ರೇನ್ ಅವರ ‘ಮೈ ಫೇವರಿಟ್ ಥಿಂಗ್ಸ್’, 1960ರ ಅಕ್ಟೋಬರ್‌ನಲ್ಲಿ ನುಡಿಸಿದ್ದು. ನೇರ ಕೊಳವೆಯ ಸೊಪ್ರಾನೊ ಸ್ಯಾಕ್ಸೋಫೋನ್. ಆ ದನಿಯಲ್ಲಿ ನಾಗಸ್ವರದ ಮೂಗು ಕೇಳುತ್ತದೆ. ಹದಿಮೂರು ನಿಮಿಷ ದಾಟಿದರೂ ಕೆಳಗಿನ ಸ್ವರಮೇಳಗಳು ಹೆಚ್ಚು ಅಲುಗುವುದಿಲ್ಲ, ಶ್ರುತಿ ಹಿಡಿದ ಹಾಗೆ ಒಂದೇ ಕಡೆ ಸುತ್ತುತ್ತವೆ. ಕೋಲ್ಟ್ರೇನ್ ಆ ದಿನಗಳಲ್ಲಿ ರವಿಶಂಕರ್ ಅವರನ್ನು ಕೇಳುತ್ತಿದ್ದರು. 1961ರ ನವೆಂಬರ್‌ನಲ್ಲಿ ‘ಇಂಡಿಯಾ’ ಎಂಬ ರಚನೆಯನ್ನು ನುಡಿಸಿದರು. 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದು ಹೆಸರಿಟ್ಟರು. ಆಮೇಲೆ ಚಾರ್ಲಿ ಮರಿಯಾನೊ. ಅಮೆರಿಕದ ಆಲ್ಟೊ ಸ್ಯಾಕ್ಸೋಫೋನ್ ವಾದಕರು, ಚಾರ್ಲ್ಸ್ ಮಿಂಗಸ್ ಅವರ 1963ರ ದೊಡ್ಡ ಆಲ್ಬಮ್ ಒಂದರಲ್ಲಿ ನುಡಿಸಿದವರು. ಅಂಥವರು ನಾಗಸ್ವರ ಕಲಿಯಲು ಕೂತರು! ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ, ಟಿ.ಎ.ಎಸ್. ಮಣಿ ಅವರ ಮೃದಂಗ ಮತ್ತು ಆರ್.ಎ. ರಮಾಮಣಿ ಅವರ ಗಾಯನದೊಂದಿಗೆ ಅವರು ಮಾಡಿದ ‘ಜ್ಯೋತಿ’ 1983ರದು. ರಮಾಮಣಿಯವರು ಹಾಡುವಾಗ ಮರಿಯಾನೊ ಪಕ್ಕಕ್ಕೆ ಸರಿದು ಜಾಗ ಬಿಡುವ ರೀತಿಯನ್ನು ಗಮನಿಸಿ. ಈ ಆಲ್ಬಮ್ ನಮ್ಮ ಮಗ್ಗುಲಲ್ಲೇ ಇದ್ದೂ ನಮ್ಮವರು ಕೇಳಿದ್ದು ಕಡಿಮೆ. ನನಗೆ ಇದರ ಮೇಲೆ ಪಕ್ಷಪಾತವಿದೆ, ಒಪ್ಪಿಕೊಳ್ಳುತ್ತೇನೆ.

ಅದರ ಜೊತೆಗೆ 2008ರ ‘ಕಿನ್ಸ್‌ಮೆನ್’. ರುದ್ರೇಶ್ ಮಹಾಂತಪ್ಪ ಅಮೆರಿಕದಲ್ಲಿ ಬೆಳೆದ ಜಾಜ್ ವಾದಕ. ಹೆಸರೇ ಹೇಳುವಂತೆ ಬೇರು ನಮ್ಮ ಕಡೆಯದು. ಅವರು ಕದ್ರಿ ಗೋಪಾಲನಾಥರನ್ನು ಜೊತೆಗೆ ಕೂರಿಸಿಕೊಂಡರು. ಎರಡೂ ಆಲ್ಟೊ ಸ್ಯಾಕ್ಸೋಫೋನ್. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಹೋಗುತ್ತದೆ, ಇನ್ನೊಂದು ಹಾರಿ ಹೋಗುತ್ತದೆ. ಯಾರು ಯಾರೆಂದು ಓಲಗದ ಕಿವಿ ಹತ್ತು ಸೆಕೆಂಡಿನಲ್ಲಿ ಹೇಳಬಲ್ಲದು. ಇಲ್ಲಿ ಮಾತ್ರ ಮೃದಂಗದವರೂ ಓಲಗದವರೂ ಒಂದೇ ಪಕ್ಷ ಸೇರಿ ನಿಮ್ಮನ್ನು ಮೂಲೆಗೆ ತಳ್ಳುವ ಅಪಾಯವಿದೆ.

ಚಿತ್ರಗೀತೆಗಳ ಗೆಳೆಯರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅವರು ಬಾಲ್ಯದಿಂದಲೂ ಜಾಜ್ ಕೇಳುತ್ತಲೇ ಬಂದಿದ್ದಾರೆ, ಹೆಸರು ಗೊತ್ತಿರಲಿಲ್ಲ ಅಷ್ಟೆ. ಮುಂಬಯಿಯ ಚಿತ್ರಸಂಗೀತದ ವಾದ್ಯವೃಂದಗಳಲ್ಲಿ ಹೋಟೆಲ್ ಬ್ಯಾಂಡುಗಳಿಂದ ಬಂದ ಗೋವೆಯ ವಾದಕರು ತುಂಬಿದ್ದರು, ಸಿ. ರಾಮಚಂದ್ರರ ಜೊತೆಗಿದ್ದ ತುತ್ತೂರಿ ವಾದಕ ಚಿಕ್ ಚಾಕೊಲೇಟ್ ಅವರಲ್ಲೊಬ್ಬರು. 1956ರ ‘ಎಲ್ಲಾ ಅಂಡ್ ಲೂಯಿ’ ಹಾಕಿ. ಎಲ್ಲಾ ಫಿಟ್ಜ್‌ಜೆರಾಲ್ಡ್ ಅವರದು ಬೆಣ್ಣೆ, ಲೂಯಿ ಆರ್ಮ್‌ಸ್ಟ್ರಾಂಗ್ ಅವರದು ರಾಗಿ ಬೀಸುವ ಕಲ್ಲು. ನಿಮ್ಮ ಗೆಳೆಯರು ತಾವಾಗಿಯೇ ಗುನುಗುತ್ತಾರೆ.

ಕೀಬೋರ್ಡ್ ಗೆಳೆಯರಿಗೆ ಪಿಯಾನೊ ವಾದಕ ಕೀತ್ ಜ್ಯಾರೆಟ್ ಅವರ ‘ಕೋಲ್ನ್ ಕಾನ್ಸರ್ಟ್’. 1975ರ ಜನವರಿ 24ರ ರಾತ್ರಿ, ಜರ್ಮನಿಯ ಕೋಲ್ನ್ ನಗರದ ಅಪೆರಾ ಭವನ. ಕೇಳಿದ್ದ ಪಿಯಾನೊ ಬಿಟ್ಟು ಬೇರೊಂದನ್ನು ತಂದಿಟ್ಟಿದ್ದರು. ಸಣ್ಣದು, ಮೇಲಿನ ಸ್ವರಗಳು ತಗಡಿನ ಹಾಗೆ, ಕೆಳಗಿನವಕ್ಕೆ ತೂಕವಿಲ್ಲ. ನುಡಿಸುವುದಿಲ್ಲ ಎಂದವರು ಕೊನೆಗೆ ಕೂತರು. ಹಾಳಾದ ತುದಿಗಳನ್ನು ಬಿಟ್ಟು ನಡುವಿನ ಸ್ವರಗಳಲ್ಲೇ ತಿರುಗಿದರು, ತೂಕ ಸಾಲದ ಕಡೆ ಎಡಗೈಯಲ್ಲಿ ಒಂದೇ ಪಟ್ಟನ್ನು ಬಡಿದು ಬಡಿದು ತುಂಬಿದರು. ಮದುವೆ ಮನೆಯಲ್ಲಿ ಅಂಟಿಕೊಳ್ಳುವ ಕೀಲಿಗಳ ಜೊತೆ ಧಾರೆಯ ಹೊತ್ತು ದಾಟಿಸಿದವರಿಗೆ ಇದನ್ನು ವಿವರಿಸಬೇಕೇ?

ನನ್ನ ಮೆಚ್ಚಿನದು ಯಾವುದು ಎಂದಿರಿ. ಒಂದೇ ಹೇಳು ಎಂದರೆ ಬಿಲ್ ಎವಾನ್ಸ್ ತ್ರಯರ ‘ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್’. 1961ರ ಜೂನ್ 25ರ ಭಾನುವಾರ, ನ್ಯೂಯಾರ್ಕ್‌ನ ಒಂದು ನೆಲಮಾಳಿಗೆಯ ಕ್ಲಬ್. ಪಿಯಾನೊ ಎವಾನ್ಸ್, ಬಾಸ್ ಸ್ಕಾಟ್ ಲಫಾರೊ, ಡ್ರಮ್ ಪಾಲ್ ಮೋಶನ್. ಜನ ಮಾತನಾಡುತ್ತಿದ್ದಾರೆ, ಗಾಜಿನ ಲೋಟಗಳು ತಾಗುತ್ತಿವೆ, ಒಬ್ಬರು ನಗುತ್ತಾರೆ. ಯಾರಿಗೂ ಆ ದಿನ ವಿಶೇಷವೆಂದು ಗೊತ್ತಿಲ್ಲ. ಬಾಸ್ ಎಂದರೆ ಹಿಂದೆ ನಿಂತು ಎಣಿಕೆ ಹಿಡಿಯುವುದು ಎಂಬ ಪದ್ಧತಿಯನ್ನು ಲಫಾರೊ ಮುರಿಯುತ್ತಾರೆ. ಪಿಯಾನೊ ಹೇಳಿದ್ದಕ್ಕೆ ಎದುರು ಮಾತನಾಡುತ್ತಾರೆ, ಮಾತು ಮುಗಿಯುವ ಮುಂಚೆಯೇ ಬಾಯಿ ಹಾಕುತ್ತಾರೆ. ಹನ್ನೊಂದು ದಿನಗಳ ಮೇಲೆ ಕಾರಿನ ಅಪಘಾತದಲ್ಲಿ ಅವರು ತೀರಿಕೊಂಡರು, ವಯಸ್ಸು 25. ಆ ದಿನದ ಎಲ್ಲ ಮುದ್ರಣಗಳೂ ಮುಂದೆ ಹೊರಬಂದವು. ಅದರಲ್ಲಿ ಲಫಾರೊ ರಚಿಸಿದ ‘ಗ್ಲೋರಿಯಾಸ್ ಸ್ಟೆಪ್’ನ ಮೊದಲ ಸಲದ ಮುದ್ರಣ ವಿದ್ಯುತ್ ಕೈಕೊಟ್ಟು ನಡುವೆ ಕಡಿದುಹೋಗಿದೆ. ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಕಂಡ ಊರಿನವನು ನಾನು. ಆ ಕಡಿತವನ್ನು ಕೇಳಿದಾಗ ಅಭ್ಯಾಸಬಲದಿಂದ ಕೈ ಫ್ಯೂಸಿನ ಕಡೆ ಹೋಗಿತ್ತು.

ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ ನನಗೆ ಅಷ್ಟೇ ಪ್ರಿಯ. ಕೂಟಕ್ಕೆ ತರಬೇಡಿ, ಒಬ್ಬರೇ ಕೇಳಿ. 1964ರ ಡಿಸೆಂಬರ್ 9ರಂದು ನುಡಿಸಿದ ನಾಲ್ಕು ಭಾಗಗಳ ರಚನೆ. ಕೊನೆಯ ಭಾಗದಲ್ಲಿ ಅವರು ತಾವೇ ಬರೆದ ಪ್ರಾರ್ಥನೆಯನ್ನು ಪದಪದವಾಗಿ ಸ್ಯಾಕ್ಸೋಫೋನಿನಲ್ಲಿ ಓದುತ್ತಾರೆ. ಆ ಸಾಹಿತ್ಯ ರೆಕಾರ್ಡಿನ ಹೊದಿಕೆಯಲ್ಲೇ ಅಚ್ಚಾಗಿದೆ, ಕೈಯಲ್ಲಿ ಹಿಡಿದು ಕೇಳಿ. ವಾದ್ಯದಲ್ಲಿ ಸಾಹಿತ್ಯ ಕೇಳಿಸಬೇಕು ಎಂದು ನಮ್ಮ ಹಿರಿಯ ವೀಣೆಯವರು ಹೇಳುವುದು ಇದನ್ನೇ.

ಈಚಿನ ಕೇಳ್ಮೆಗೆ ಬಂದರೆ, ಈ ಮಳೆಗಾಲದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು 2021ರ ‘ಪ್ರಾಮಿಸಸ್’. ಫ್ಲೋಟಿಂಗ್ ಪಾಯಿಂಟ್ಸ್ ಎಂಬ ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತಗಾರ, ಲಂಡನ್ ಸಿಂಫನಿ ಆರ್ಕೆಸ್ಟ್ರಾ, ಜೊತೆಗೆ ಎಂಬತ್ತರ ಅಂಚಿನಲ್ಲಿದ್ದ ಸ್ಯಾಕ್ಸೋಫೋನ್ ವಾದಕ ಫರೋ ಸ್ಯಾಂಡರ್ಸ್. ಏಳು ಸ್ವರಗಳ ಒಂದೇ ಪುಟ್ಟ ಗುಚ್ಛ ಮೊದಲಿನಿಂದ ಮರಳಿ ಮರಳಿ ಬರುತ್ತದೆ. ಮೊದಲ ಸಲ ಅರ್ಧಕ್ಕೇ ನಿಲ್ಲಿಸಿದ್ದೆ. ತೊಟ್ಟಿಕ್ಕುವ ನಲ್ಲಿಯ ಹಾಗೆ ಅನಿಸಿತ್ತು. ಒಂದು ರಾತ್ರಿ ನಿದ್ದೆ ಬಾರದೆ ಮತ್ತೆ ಹಾಕಿದಾಗ, ಒಂದು ಕಡೆ ಸ್ಯಾಂಡರ್ಸ್ ಸ್ಯಾಕ್ಸೋಫೋನ್ ಇಳಿಸಿ ಬರೀ ಬಾಯಿಂದ, ಮಗುವನ್ನು ಸಮಾಧಾನ ಮಾಡುವವರ ಹಾಗೆ, ಏನೋ ತೊದಲುತ್ತಾರೆ. ಅಲ್ಲಿ ನಿಂತಿತು ಕಿವಿ. ಅವರು 2022ರಲ್ಲಿ ತೀರಿಕೊಂಡರು. ಇನ್ನೊಂದು, ಹಳೆಯದೇ ಹೊಸದಾಗಿ ಸಿಕ್ಕಿದ್ದು: ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಮತ್ತು ಕೋಲ್ಟ್ರೇನ್ ಕಾರ್ನೆಗಿ ಹಾಲ್‌ನಲ್ಲಿ 1957ರ ನವೆಂಬರ್‌ನಲ್ಲಿ ನುಡಿಸಿದ ಟೇಪು. 2005ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕಪಾಟಿನಲ್ಲಿ ಕಣ್ಣಿಗೆ ಬಿತ್ತು. ಅದನ್ನು ಮುದ್ರಿಸಿದ್ದವರು ಯಾರು ಗೊತ್ತೇ? ಮತ್ತೆ ವಾಯ್ಸ್ ಆಫ್ ಅಮೆರಿಕದವರು. ತಬಲಾದ ಜಾಕಿರ್ ಹುಸೇನ್ ಅವರಿದ್ದ ‘ಶಕ್ತಿ’ ತಂಡದ 2023ರ ‘ದಿಸ್ ಮೊಮೆಂಟ್’ ಕೂಡ ಮೇಜಿನ ಮೇಲಿದೆ. ನನಗೆ 1976ರ ಮೊದಲ ‘ಶಕ್ತಿ’ಯ ಒರಟುತನವೇ ಇಷ್ಟ. ಆದರೂ ಜಾಕಿರ್ ಹುಸೇನ್ 2024ರ ಡಿಸೆಂಬರ್‌ನಲ್ಲಿ ಹೋದ ಮೇಲೆ ಈ ಆಲ್ಬಮ್ಮಿನ ಬಗ್ಗೆ ತಕರಾರು ಹೇಳಲು ನಾಲಿಗೆ ಏಳುವುದಿಲ್ಲ.

ಇನ್ನು ಸಲಕರಣೆ. ನೀವು ಮೊಬೈಲಿನ ಸ್ಪೀಕರಿನಲ್ಲೇ ಹಾಕುತ್ತಿದ್ದರೆ ತಂಡದ ಒಬ್ಬ ಸದಸ್ಯರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೀರಿ. ಡಬಲ್ ಬಾಸ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್. ಅಂಗೈಯಷ್ಟು ಸಾಧನದಿಂದ ಅದು ಹೊರಬರುವುದಿಲ್ಲ. ‘ಸೋ ವಾಟ್’ನಲ್ಲಿ ಪ್ರಶ್ನೆಯೇ ಕೇಳಿಸದೆ ಜವಾಬು ಮಾತ್ರ ಕೇಳಿಸಿದರೆ ಯಾರಿಗೆ ತಾನೇ ರುಚಿಸುತ್ತದೆ? ಎರಡು ಸಾಧಾರಣ ಸ್ಪೀಕರುಗಳು ಸಾಕು. ಕೂತವರ ಕಿವಿಯ ಎತ್ತರಕ್ಕೆ ಇಡಿ, ಗೋಡೆಯ ಮೂಲೆಗೆ ಒತ್ತಬೇಡಿ. ಮೂಲೆಯಲ್ಲಿ ಬಾಸ್ ಉಬ್ಬಿ ಗುಯ್ಗುಡುತ್ತದೆ. ರೆಕಾರ್ಡ್ ಪ್ಲೇಯರ್ ಸದ್ಯಕ್ಕೆ ಬೇಡ. ಸೂಟ್‌ಕೇಸಿನ ಆಕಾರದ ಅಗ್ಗದವುಗಳಲ್ಲಿ ಮುಳ್ಳಿನ ಭಾರ ಹೆಚ್ಚು, ರೆಕಾರ್ಡನ್ನು ಉತ್ತುಬಿಡುತ್ತವೆ. ಹಳೆಯದು ಸಿಕ್ಕರೆ ಕೊಳ್ಳುವ ಮುಂಚೆ ಫೋಟೊ ತೆಗೆದು ಕಳುಹಿಸಿ, ನೋಡಿ ಹೇಳುತ್ತೇನೆ.

ಬರುತ್ತೇನೆ. ಆದರೆ ನಿಮ್ಮ ಕೂಟ ಸಂಜೆ ಆರಕ್ಕೆ ಶುರುವಾಗಬೇಕು, ರಾಬರ್ಟ್‌ಸನ್‌ಪೇಟೆಗೆ ಕೊನೆಯ ಬಸ್ಸು ನನಗಾಗಿ ಕಾಯುವುದಿಲ್ಲ. ಆ ಮರದ ಪೆಟ್ಟಿಗೆಯಿಂದ ನ್ಯೂಪೋರ್ಟ್ ಎಲ್‌ಪಿಯನ್ನೂ ನನ್ನ ಪ್ಲೇಯರನ್ನೂ ತರುತ್ತೇನೆ, 1999ರ ಮುದ್ರಣವನ್ನು ನೀವು ಸಿದ್ಧವಾಗಿಟ್ಟುಕೊಂಡಿರಿ. ಮೊದಲು ತಪ್ಪು ಮೈಕು, ಆಮೇಲೆ ಸರಿಯಾದ ಮೈಕು. ಮೃದಂಗದ ಗೆಳೆಯರಿಗೆ 27 ಆವರ್ತಗಳನ್ನು ಎಣಿಸುವ ಕೆಲಸ ಈಗಲೇ ವಹಿಸಿಬಿಡಿ.